ಪುಸ್ತಕದಲ್ಲಿಲ್ಲದ ಉತ್ತರ

ಶಾಂತಲಾ ಟೀಚರ್ ಶಿಕ್ಷಕರ ಕೈಪಿಡಿಯಲ್ಲಿದ್ದ ಪ್ರಶ್ನೆಯನ್ನೇ ಕೇಳಿದರು: ನಿನ್ನೆ ಎಲ್ಲಿಗೆ ಹೋಗಿದ್ದಿರಿ, ಇಂಗ್ಲಿಷಿನಲ್ಲಿ ಹೇಳಿ. ಕಡರನಾಯಕನಹಳ್ಳಿ ಶಾಲೆಯ ಐದನೇ ತರಗತಿಯ ನುಜತ್ ಎದ್ದು ನಿಂತು, "ಯೆಸ್ಟರ್‌ಡೇ ಐ ಗೋಡ್ ಟು ಹರಿಹರ" ಎಂದಳು.

"ಗೋಡ್ ಅಲ್ಲ, ವೆಂಟ್."

"ಪ್ಲೇಗೆ ಪ್ಲೇಡ್, ವಾಕ್‌ಗೆ ವಾಕ್ಡ್ ಅಂತ ನೀವೇ ಹೇಳಿದ್ರಿ. ಗೋಗೆ ಗೋಡ್ ಯಾಕ ಆಗಲ್ಲ ಟೀಚರ್?"

ಶಾಂತಲಾ ಕೈಪಿಡಿಯ ಪುಟ ತಿರುವಿದರು. 'ಉತ್ತರ: ವೆಂಟ್' ಎಂದಷ್ಟೇ ಇತ್ತು. ಆ ಕೈಪಿಡಿ ಬರೆದ ವಾಣಿ ಹಿಂದಿನ ಬೆಂಚಿನಲ್ಲೇ ಕೂತಿದ್ದರು. ಅಚ್ಚಿಗೆ ಹೋಗುವ ಮೊದಲು ಕೈಪಿಡಿ ತರಗತಿಯಲ್ಲಿ ಹೇಗೆ ನಡೆಯುತ್ತದೆಂದು ನೋಡಲು ದಾವಣಗೆರೆಯಿಂದ ಬಂದಿದ್ದರು. ಶಾಂತಲಾ ಕನ್ನಡ ಮಾಧ್ಯಮದಲ್ಲಿ ಓದಿ ಗಣಿತ ಕಲಿಸಲು ಬಂದವರು; ಬೇರೆ ಯಾರೂ ಇಲ್ಲವೆಂದು ಇಂಗ್ಲಿಷೂ ಅವರ ಹೆಗಲಿಗೆ ಬಿದ್ದಿತ್ತು. ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿ, ಕೈಪಿಡಿ ಮುಚ್ಚಿಟ್ಟು ಮಕ್ಕಳ ಕಡೆ ತಿರುಗಿದರು.

"ಓಡು ಅಂದ್ರೆ ಓಡಿದೆ. ಆಡು ಅಂದ್ರೆ?"

"ಆಡಿದೆ!"

"ಕೊಡು ಅಂದ್ರೆ?"

"ಕೊಟ್ಟೆ!"

"ಕೊಡಿದೆ ಅಂತ ಯಾಕ ಅನ್ನಲ್ಲ?"

ಮಕ್ಕಳು ಗೊಳ್ಳೆಂದು ನಕ್ಕರು. ನುಜತ್ ತನ್ನಷ್ಟಕ್ಕೆ 'ಕೊಡಿದೆ, ಕೊಡಿದೆ' ಎಂದು ಹೇಳಿ ನೋಡಿ ತಾನೂ ನಕ್ಕಳು. "ಅಂದ್ರೆ ಇಂಗ್ಲಿಷ್ನಾಗೂ ಹೇಳಿದ ಮಾತು ಕೇಳದ ಪದ ಅದಾವಾ?"

"ಅದಾವೆ. ಗೋ ಅಂಥದ್ದೇ. ನೀನು ಸೂತ್ರ ಸರಿಯಾಗೇ ಹಿಡಿದಿದ್ದಿ. ಕುಂದ್ರು."

ಬಿಸಿಯೂಟದ ಹೊತ್ತಿಗೆ ಇಬ್ಬರೂ ಜಗಲಿಯಲ್ಲಿ ತಟ್ಟೆ ಹಿಡಿದು ಕೂತರು. ಶಾಂತಲಾ ಅನ್ನ ಕಲೆಸುತ್ತಲೇ ಇದ್ದರು, ತುತ್ತು ಬಾಯಿಗೆ ಹೋಗಲಿಲ್ಲ.

"ಮೇಡಂ, ಕ್ಲಾಸಿನಾಗೆ ಕನ್ನಡ ಬಳಸಬಾರದು ಅಂತ ಕೈಪಿಡೀಲಿ ಐತೆ. ನಾನು ಬಳಸಿದ್ದು ಬರ್ಕಂಡ್ರೇನ್ರಿ?"

"ಬರ್ಕಂಡೆ."

"ಹಂಗಾರೆ ಮುಂದಿನ ವರ್ಷ ಇಂಗ್ಲಿಷ್ ನನಗೆ ಬ್ಯಾಡ ಅಂತ ಹೆಡ್ ಮಾಸ್ತರಿಗೆ ಹೇಳಿಬಿಡ್ತೀನಿ. ಭಾಳ ದಿನದಿಂದ ಅಂದ್ಕಂಡಿದ್ದೆ."

"ಪೂರ್ತಿ ಕೇಳ್ರಿ ಟೀಚರ್. ಆ ಸಾಲನ್ನ ತೆಗೀಬೇಕು ಅಂತ ಬರ್ಕಂಡೆ. ನೀವು ಮಾಡಿದ್ದು ನನಗೆ ಹೊಳೆದೇ ಇರಲಿಲ್ಲ. ಇನ್ನೂ ಎಲ್ಲೆಲ್ಲಿ ಕಷ್ಟ ಆಗ್ತೈತೆ, ಹೇಳ್ರಿ."

ಶಾಂತಲಾ ಅನ್ನ ಕಲೆಸುವುದು ಬಿಟ್ಟು ವಾಣಿಯ ಕಡೆ ತಿರುಗಿದರು. ಆಮೇಲೆ ತಡೆದಿಟ್ಟದ್ದೆಲ್ಲ ಹೊರಗೆ ಬಂತು. "ಸರಿ ಉತ್ತರ ಕೊಟ್ಟೀರಿ. ಅದು ನನಗೂ ಗೊತ್ತಿರ್ತೈತೆ. ಮಕ್ಕಳು ಬ್ಯಾರೆ ಏನೋ ಅಂದ್ರೆ ನಾನೇನು ಅನ್ನಬೇಕು? ಅದಿಲ್ಲ ನೋಡ್ರಿ. ಆ ಹೆದರಿಕೆಗೇ ನಾನು ಅವರನ್ನ ಮಾತಾಡ್ಸೋದೇ ಇಲ್ಲ. ಬೋರ್ಡ್ ಮ್ಯಾಲೆ ಬರೀತೀನಿ, ಕಾಪಿ ಮಾಡ್ಕಂತಾರೆ. ಇವತ್ತು ನೀವು ಬಂದೀರಿ ಅಂತ ಮಾತಾಡ್ಸಿದ್ದು."

ವಾಣಿ ತಟ್ಟೆ ಪಕ್ಕಕ್ಕಿಟ್ಟು ಕೈ ತೊಳೆದು ಬಂದರು. ಕೈಪಿಡಿಯ ಮುಂದಿನ ಪಾಠ ತೆಗೆದರು. "ಇದರಾಗೆ ನಿಮ್ಮ ಮಕ್ಕಳು ಏನೇನು ಅನ್ನಬಹುದು?"

"'ಮೈ ಮದರ್ ಗೋಯಿಂಗ್ ಸಂತೆ' ಅಂತಾರೆ. ಈಸ್ ಅನ್ನೋದು ನಮ್ಮ ಮಾತಿನಾಗೆ ಇಲ್ಲಲ್ರೀ, ಮರೀತಾರೆ."

"ಆವಾಗ ತಪ್ಪು ಅನ್ನಬ್ಯಾಡ್ರಿ. ಖುಷಿಯಿಂದ ತಿರುಗಿ ಕೇಳ್ರಿ: 'ಓಹ್, ಯುವರ್ ಮದರ್ ಈಸ್ ಗೋಯಿಂಗ್ ಟು ದಿ ಸಂತೆ?' ಸರಿ ವಾಕ್ಯ ಅವರ ಕಿವೀಗೆ ಬಿತ್ತು, ಮಾತೂ ನಿಲ್ಲಲಿಲ್ಲ."

"ಇಷ್ಟೇನಾ?" ಎಂದರು ಶಾಂತಲಾ. "ಇದನ್ನ ಬರೀರಲ್ಲ ಮತ್ತೆ!"

ವಾಣಿ ಪುಟದ ಅಂಚಿನಲ್ಲಿ ಬರೆದರು. ಶಾಂತಲಾ ಇನ್ನೊಂದು ಹೇಳಿದರು, ಮತ್ತೊಂದು ನೆನಪಿಸಿಕೊಂಡರು. ಒಬ್ಬರು ಮಕ್ಕಳಂತೆ ತಪ್ಪು ಹೇಳುವುದು, ಇನ್ನೊಬ್ಬರು ಅದಕ್ಕೆ ಮಾತು ಹುಡುಕುವುದು. ಅನ್ನ ಆರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಅಂಚು ತುಂಬಿ, ಸಾಲುಗಳ ನಡುವೆಯೂ ಬರಹ ನುಗ್ಗಿತು.

ಮಧ್ಯಾಹ್ನ ಆ ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಹೆಡ್ ಮಾಸ್ತರ್ ಉಚ್ಚೆಂಗಪ್ಪ ತಮ್ಮ ಕೋಣೆಯಿಂದ ಓಡುನಡಿಗೆಯಲ್ಲಿ ಬಂದರು. ಐದನೇ ತರಗತಿಯಿಂದ ಸಂತೆಯಂಥ ಗದ್ದಲ ಕೇಳುತ್ತಿತ್ತು. ಬಾಗಿಲಲ್ಲೇ ನಿಂತು ಗದರಿದರು, "ಏನ್ರೋ ಇದು, ಕ್ಲಾಸಿನಾಗೆ ಟೀಚರ್ ಇಲ್ಲೇನು?"

ಮಕ್ಕಳ ಗುಂಪಿನ ನಡುವಿನಿಂದ, ಕೆದರಿದ ಕೂದಲು ಸರಿಮಾಡಿಕೊಳ್ಳುತ್ತ ಶಾಂತಲಾ ಎದ್ದು ನಿಂತರು.

"ಇದೀನಿ ಸಾರ್. ಇಂಗ್ಲಿಷ್ ಪಿರಿಯಡ್ ನಡೀತೈತೆ."