ತೂತಿನ ದುಡ್ಡು ಬಂದ ವರ್ಷ

“ಹೆಚ್ಚೆಂದರೆ ಐವತ್ತೆಂಟು” ಎನ್ನುತ್ತ ಡಾಕ್ಟರು ಪೆನ್ನಿನ ಟೊಪ್ಪಿಗೆ ತೆಗೆದರು. ಅರವತ್ತೈದು ಆಗದಿದ್ದರೆ ಕೆಂಪವ್ವನಿಗೆ ವೃದ್ಧಾಪ್ಯ ವೇತನವಿಲ್ಲ. ಸೊಸೆ ಭಾಗ್ಯಾ ಥಟ್ಟನೆ ಅರ್ಜಿಯ ಮೇಲೆ ಅಂಗೈ ಊರಿದಳು.

“ಬರೀಬ್ಯಾಡ್ರಿ ಸಾಹೇಬ್ರ. ಒಂದ ನಿಮಿಷ ತಡೀರಿ.”

“ಜನನ ಪತ್ರ ಇಲ್ಲ, ಶಾಲೆ ದಾಖಲೆ ಇಲ್ಲ. ಕಣ್ಣಿಗೆ ಕಂಡದ್ದನ್ನೇ ಬರೀಬೇಕು ತಾನೇ? ಬಾಯಲ್ಲಿ ಒಂದು ಹಲ್ಲೂ ಹೋಗಿಲ್ಲ. ಕೂದಲು ನನಗಿಂತ ಕಪ್ಪಗಿದೆ.” ಮೈಸೂರು ಕಡೆಯ ಆ ಹುಡುಗ ಡಾಕ್ಟರು ರಾಮದುರ್ಗಕ್ಕೆ ಬಂದು ಮೂರು ತಿಂಗಳಾಗಿತ್ತಷ್ಟೆ. ಕೆಂಪವ್ವನ ಕಡೆ ತಿರುಗಿ, “ಸ್ವಾತಂತ್ರ್ಯ ಬಂದಾಗ ನಿಮಗೆಷ್ಟು ವಯಸ್ಸಮ್ಮ?” ಎಂದರು.

“ಯಾರಿಗೆ ಬಂದಾಗರಿ?” ಎಂದಳು ಕೆಂಪವ್ವ.

ಔಷಧದ ಕಪಾಟಿನ ಮುಂದಿದ್ದ ಕಂಪೌಂಡರ್ ಗಂಗಯ್ಯ ನಗು ತಡೆಯಲು ಕೆಮ್ಮಿದ. ಡಾಕ್ಟರು ನಗಲಿಲ್ಲ. “ನೋಡಿ, ಇಷ್ಟೂ ಗೊತ್ತಿಲ್ಲ” ಎಂದು ಭಾಗ್ಯಾಳ ಕೈ ಸರಿಯಲೆಂದು ಕಾದರು.

ಭಾಗ್ಯಾಳಿಗೆ ಹಿಂದಿನ ವಾರ ತನಗಾದ ಫಜೀತಿ ನೆನಪಾಯಿತು. ಅವಳು ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪಿಂಗ್ ಕಲಿಸುತ್ತಾಳೆ. ಯಂತ್ರವೊಂದರಲ್ಲಿ ಬೇಡದ ಫೈಲು ಅಳಿಸುವಾಗ, ಯಾರೋ ತುಂಬಿಟ್ಟಿದ್ದ ಹಳೆಯ ಆಟ ಕಣ್ಣಿಗೆ ಬಿತ್ತು. ಅದು ದೊಡ್ಡವರ ಆಟವಂತೆ. ಬಾಗಿಲು ತೆರೆಯುವ ಮೊದಲು ಆಡುವವರು ದೊಡ್ಡವರು ಹೌದೋ ಅಲ್ಲವೋ ಎಂದು ತಿಳಿಯಲು ಐದು ಪ್ರಶ್ನೆ ಕೇಳಿತು. ಅಮೆರಿಕದ ಯಾವುದೋ ಟೀವಿ ನಟಿಯ ಗಂಡ ಯಾರು, ಯಾವ ಅಧ್ಯಕ್ಷನ ನಾಯಿಯ ಹೆಸರೇನು, ಇಂಥವೇ. ಐದರಲ್ಲಿ ನಾಲ್ಕು ತಪ್ಪಿದವು. ಎರಡು ಮಕ್ಕಳ ತಾಯಿಗೆ ಕಂಪ್ಯೂಟರು, ನೀನಿನ್ನೂ ಸಣ್ಣವಳು, ಹೋಗು ಎಂದು ಬಾಗಿಲು ಮುಚ್ಚಿತ್ತು. ನಕ್ಕು ನಕ್ಕು ಸಾಕಾದ ಮೇಲೆ, ಆ ಪ್ರಶ್ನೆ ಬರೆದವನ ತಲೆಗೆ ಅವಳು ಮನಸ್ಸಿನಲ್ಲೇ ಕೈಮುಗಿದಿದ್ದಳು. ಅವನು ಕಾಗದ ಕೇಳಿರಲಿಲ್ಲ, ನೆನಪು ಕೇಳಿದ್ದ. ಆದರೆ ತನ್ನ ಊರಿನ ನೆನಪು ಕೇಳಿದ್ದ.

ಅದನ್ನೇ ಈಗ ಒಂದೇ ಉಸಿರಿಗೆ ಹೇಳಿಬಿಟ್ಟಳು. ಡಾಕ್ಟರ ಕಿವಿ ಕೆಂಪಾಯಿತು.

“ಆ ಆಟ ನನಗೂ ಗೊತ್ತು. ಹಾಸ್ಟೆಲಿನಲ್ಲಿತ್ತು. ನನಗೆ ಇಪ್ಪತ್ತೊಂದಾಗಿತ್ತು, ಆದರೂ ಹನ್ನೊಂದು ಸಲ ಫೇಲ್ ಮಾಡಿತ್ತು.”

“ಮತ್ತ? ನಿಮ್ಮನ್ನೂ ಸಣ್ಣಾವ್ರ ಅಂತಲ್ಲರಿ. ನಮ್ಮ ಅತ್ತಿನ್ನ ಈ ಕಡೇದ ಕೇಳ್ರಿ. ಪುಸ್ತಕದಾಗ ಇರೂದಲ್ಲ.”

“ಈ ಕಡೆಯದು ನನಗೇನಮ್ಮ ಗೊತ್ತು?” ಡಾಕ್ಟರು ಪೆನ್ನು ಕೆಳಗಿಟ್ಟರು. “ಗಂಗಯ್ಯನವರೇ, ನೀವು ಕೇಳಿ.”

ಇಷ್ಟರಲ್ಲೇ ನಿವೃತ್ತಿಯಾಗಲಿದ್ದ ಗಂಗಯ್ಯ ಸ್ಟೂಲು ಎಳೆದುಕೊಂಡು ಕೆಂಪವ್ವನ ಎದುರು ಕುಳಿತ. “ಯವ್ವಾ, ತೂತಿನ ದುಡ್ಡು ನೋಡಿದ್ಯೇನ? ನಡುವ ತೂತ ಇರತಿತ್ತಲ್ಲ, ತಾಮ್ರದ್ದು?”

“ನೋಡೂದೇನ ಬಂತು!” ಕೆಂಪವ್ವನ ಬೆನ್ನು ನೆಟ್ಟಗಾಯಿತು. “ಮೊದಲನೇದ ಬಂದಾಗ ನಮ್ಮ ಓಣ್ಯಾಗ ಎಲ್ಲಾರೂ, ಇದು ಸವದ ದುಡ್ಡು, ನಡಿಯೂದಿಲ್ಲ ಅಂತ ಒಗದ ಬಿಟ್ರು. ನಮ್ಮಪ್ಪಗ ಕೂಲಿಯೊಳಗ ಅಂಥಾ ಎರಡ ಬಂದಿದ್ವು. ನಾ ಒಂದ ಕದ್ದು, ದಾರಕ್ಕ ಪೋಣಿಸಿ, ತಮ್ಮನ ಉಡದಾರಕ್ಕ ಕಟ್ಟಿದೆ. ಕಟ್ಟಿದ್ದೇನೋ ಖರೆ, ಉಳಿದ ದಾರ ಕಡ್ಯಾಕ ಬರವಲ್ದು.”

“ಯಾಕ?”

“ಯಾಕಂದ್ರ? ಮುಂದಿನ ಹಲ್ಲ ಎರಡೂ ಬಿದ್ದಿದ್ವಲ್ಲೋ! ದವಡಿಲೆ ಕಡೀಬೇಕಂತ ಬಗ್ಗಿದೆ, ಆಂವ ಹೊಟ್ಟಿ ಕಚ್ಚಿದ್ಲು ಅಂತ ಚೀರಿದ. ನಮ್ಮವ್ವ ಓಡಿ ಬಂದು ಮೊದಲ ನನ್ನ ಬಡದು, ಆಮ್ಯಾಲೆ ದುಡ್ಡು ನೋಡಿ ಇನ್ನೊಮ್ಮೆ ಬಡದಳು.”

ಗಂಗಯ್ಯ ತೊಡೆ ತಟ್ಟಿ ನಕ್ಕ. “ಸಾಹೇಬ್ರ, ಆ ದುಡ್ಡು ಬಂದದ್ದು ಯುದ್ಧದ ಕಾಲಕ್ಕ, ನಲವತ್ಮೂರರಾಗ. ನಾ ಹುಟ್ಟಿದ್ದ ಮರು ವರ್ಷ. ನನ್ನ ಕಡೆ ಇನ್ನೂ ಒಂದೈತಿ, ಇಸ್ವಿ ಅದರ ಮ್ಯಾಲ ಐತ್ರಿ.”

ಡಾಕ್ಟರು ನಗುತ್ತಿರಲಿಲ್ಲ. ಕೆಂಪವ್ವನನ್ನು ಆಗಷ್ಟೇ ಕಂಡವರಂತೆ ನೋಡುತ್ತಿದ್ದರು. “ಮುಂದಿನ ಹಾಲುಹಲ್ಲು ಬೀಳುವುದು ಆರೇಳು ವರ್ಷಕ್ಕೆ” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. “ಏಳು ಅಂತಿಟ್ಟುಕೊಂಡರೆ ಹುಟ್ಟಿದ್ದು ಮೂವತ್ತಾರು. ಈಗ ಎರಡು ಸಾವಿರದ ಎರಡು.” ಎದ್ದು ನಿಂತು, ಅರವತ್ತಾರು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಸಹಿ ಮಾಡಿ, ಎರಡೂ ಕೈಯಿಂದ ಕೆಂಪವ್ವನಿಗೆ ಕೊಟ್ಟರು. “ಓದಿದ್ದು ಮರೆತುಹೋಗುತ್ತಮ್ಮ, ನಿಮ್ಮದು ಹಾಗಲ್ಲ” ಎಂದರು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಕೆಂಪವ್ವ ಕಾಗದವನ್ನು ಸೊಸೆಯ ಮುಂದೆ ಹಿಡಿದಳು. “ಹುಟ್ಟಿದ ದಿನಾನೂ ಬರದಾರೇನ ನೋಡು.”

“ಜೂನ್ ಒಂದು ಅಂತ ಬರದಾರ್ರಿ ಅತ್ತಿ. ತಾರೀಖು ಗೊತ್ತಿಲ್ಲದಾವ್ರಿಗೆಲ್ಲಾ ಅದನ್ನ ಹಾಕತಾರ. ಮಿರಗದ ಮಳಿಗಿಂತ ಒಂದ ವಾರ ಮೊದಲ.”

ಕೆಂಪವ್ವ ನಿಂತುಬಿಟ್ಟಳು. “ಅಲ್ಲಬೇ, ನಾ ಹುಟ್ಟಿದ್ದು ಜ್ವಾಳಾ ಕೊಯ್ಯೂ ಮುಂದ, ತೊರಗಲ್ ಹಾದ್ಯಾಗಿನ ಗೌಡರ ಹೊಲದಾಗ. ನಮ್ಮವ್ವ ಕುಡಗೋಲ ಬದಿಗಿಟ್ಟು ಸುಡು ಬಿಸಲಾಗ ಹಡದಿದ್ಲಂತ.”

“ತಡೀರಿ, ತಿದ್ದಿಸಿಕೊಂಡ ಬರತೇನಿ.”

ಹೊರಟ ಸೊಸೆಯ ಸೆರಗನ್ನು ಕೆಂಪವ್ವ ಹಿಡಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಕುಪ್ಪಸದೊಳಗಿಟ್ಟುಕೊಂಡು, ಮೇಲೆ ಅಂಗೈ ಒತ್ತಿದಳು.

“ಬ್ಯಾಡ ಬಿಡು. ಮಿರಗದ ಮೊದಲ ಹೊಲದಾಗ ಕೂಲಿ ಇರೂದಿಲ್ಲ, ನಮ್ಮವ್ವ ಮನ್ಯಾಗಿರತಿದ್ಲು. ಕಾಗದದಾಗರ ಆಕಿ ನೆಳ್ಳಾಗ ಹಡೀಲಿ.”