ಒಂದೇ ಹೆಸರಿನವರು

"ಎಲ್ಲರೂ ಹೊರಗೆ ಬಂದ್ರಾ? ಬೇಗ ಹೇಳಮ್ಮ, ಚಾವಣಿ ಕುಸಿಯೋ ಹಾಗಿದೆ!" ಅಗ್ನಿಶಾಮಕ ಅಧಿಕಾರಿ ಕೂಗಿದರು. ಹೊಗೆ ಉಗುಳುತ್ತಿದ್ದ ಗೋದಾಮಿನೆದುರು, ಕಾರಿನ ಬಾನೆಟ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಂಪ್ಯೂಟರ್ ಆಪರೇಟರ್ ಒಂದೇ ಸಮನೆ ಕೀಲಿ ಒತ್ತುತ್ತಿದ್ದಳು. ಕೆಲಸಗಾರರು ಕಾರ್ಡ್ ತೋರಿಸಿ ಓಡಾಡುವ ಎರಡು ಗೇಟುಗಳ ಆ ದಿನದ ಫೈಲುಗಳಲ್ಲಿ ಒಬ್ಬೊಬ್ಬರ ಹೆಸರೂ ಹಲವು ಸಲ ದಾಖಲಾಗಿತ್ತು. ಅವಳು 'ಸಾರ್ಟ್' ಎಂದು ಆಜ್ಞೆ ಕೊಟ್ಟು ಹೆಸರುಗಳನ್ನು ಅಕ್ಷರಕ್ರಮಕ್ಕೆ ತಂದಳು. 'ಯೂನಿಕ್' ಎಂದು ಕೊಟ್ಟು, ಮತ್ತೆಮತ್ತೆ ಬಂದ ಸಾಲುಗಳನ್ನು ಒಂದಾಗಿಸಿದಳು. ಉಳಿದ ಹೆಸರುಗಳನ್ನು ಗಟ್ಟಿಯಾಗಿ ಕೂಗಿದಳು. ಪ್ರತಿ ಹೆಸರಿಗೂ ಯಾರೋ ಒಬ್ಬರು ಓಗೊಟ್ಟರು.

"ಎಲ್ಲರೂ ಇದ್ದಾರೆ ಸರ್."

ಹಿಂದೆ ಸರಿಯಿರೆಂದು ಅಧಿಕಾರಿ ತಮ್ಮವರಿಗೆ ಕೈಸನ್ನೆ ಮಾಡಿದರು. ಅಷ್ಟರಲ್ಲಿ ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬಳು ಜನರನ್ನು ನೂಕಿಕೊಂಡು ಬಂದು ಆಪರೇಟರಳ ಮಣಿಕಟ್ಟು ಹಿಡಿದಳು. "ನನ್ನ ತಂಗಿ ಎಲ್ಲಿ? ನೀನು ಕೂಗಿದಾಗ 'ಇದ್ದೀನಿ' ಅಂದವಳು ಅವಳಲ್ಲ ಕಣೇ! ಇಬ್ಬರದೂ ಒಂದೇ ಹೆಸರು!"

ಆಪರೇಟರ್ ಪರದೆಯತ್ತ ತಿರುಗಿದಳು. ಎರಡು ಜೀವಗಳು ಒಂದು ಸಾಲಾಗಿದ್ದವು. ಬಿಡುವಿದ್ದ ಕೈಯಿಂದಲೇ ಹೆಸರಿನ ಜೊತೆ ಕಾರ್ಡ್ ಸಂಖ್ಯೆಯನ್ನೂ ಸೇರಿಸಿ ಆಜ್ಞೆಯನ್ನು ಮತ್ತೆ ಓಡಿಸಿದಳು. ಅದೇ ಹೆಸರು ಒಂದರ ಕೆಳಗೊಂದು, ಎರಡು ಸಾಲುಗಳಲ್ಲಿ ಮೂಡಿತು.

"ಸರ್, ನಿಲ್ಲಿ! ನನ್ನಿಂದ ತಪ್ಪಾಯ್ತು, ಒಳಗೆ ಇನ್ನೊಬ್ಬಳಿದ್ದಾಳೆ!"

ಅಧಿಕಾರಿ ಒಮ್ಮೆ ಚಾವಣಿಯತ್ತ ನೋಡಿದರು. ಮುಖವಾಡ ಎಳೆದುಕೊಂಡು ಇಬ್ಬರೊಂದಿಗೆ ಒಳಗೆ ನುಗ್ಗಿದರು. ಕೊನೆಗೆ ಹೊಗೆಯನ್ನು ಸೀಳಿಕೊಂಡು ಅವರು ಹೊರಬಂದಾಗ, ಹೆಗಲ ಮೇಲೆ ಜೋತುಬಿದ್ದ ದೇಹವೊಂದು ಜೋರಾಗಿ ಕೆಮ್ಮಿತು. ಆ ಕೆಮ್ಮು ಕಿವಿಗೆ ಬಿದ್ದ ಮೇಲೆಯೇ ಅಕ್ಕ ಆಪರೇಟರಳ ಕೈ ಬಿಟ್ಟಳು.