ಬಡಕಲು ಉಂಗುರ

ಗರಗಸ ಕಿರ್ರನೆ ಚೀರಿ ನಿಂತಿತು. ಗಾಳಿಗೆ ಉರುಳಿ ಕಾಡಿನ ದಾರಿಗೆ ಅಡ್ಡ ಬಿದ್ದಿದ್ದ ಮರವನ್ನು ಕೊಯ್ಯುತ್ತಿದ್ದವನು ಯಂತ್ರ ಆರಿಸಿ, ಸರಪಳಿ ತಡವಿ ನೋಡಿ, ಕೈ ಕೊಡವಿದ.

“ನಾಲ್ಕು ಹಲ್ಲು ಹೋಯ್ತು ಅಕ್ಕಾ. ಈ ಮರ ಕಬ್ಬಿಣ ತಿಂದಿದೆ.”

ಮರಗಳ ವಯಸ್ಸು ಲೆಕ್ಕ ಹಾಕುವುದೇ ಕೆಲಸವಾಗಿದ್ದ ಅವಳು ಮಂಡಿಯೂರಿ ನೋಡಿದಳು. ಕಾಂಡ ಎರಡಾಗಿ ಕವಲೊಡೆದ ಸಂದಿಯಲ್ಲಿ, ಮರದ ಒಳಗೆ, ಮುಷ್ಟಿಗಾತ್ರದ ಕಬ್ಬಿಣ. ಉಳಿ ಹಾಕಿ ಬಿಡಿಸಲು ಒಂದು ಗಂಟೆ ಹಿಡಿಯಿತು. ಕೈಗೆ ಬಂದದ್ದು ಹಿಡಿ ಕೊಳೆತುಹೋದ ಒಂದು ಸುತ್ತಿಗೆ. ಅದರ ಮುಖವನ್ನು ಅಂಗಿಯ ತುದಿಯಿಂದ ಒರೆಸಿದಳು. ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೆತ್ತಿದ್ದ ಅಂಕಿ: ಹದಿನೇಳು.

ಅದು ಅಪ್ಪನ ನಂಬರು.

ಅಪ್ಪ ಇದೇ ಕಾಡಿನ ಗಾರ್ಡ್ ಆಗಿದ್ದವರು. ಕಡಿಯಲು ಅನುಮತಿಯಿದ್ದ ಮರಕ್ಕೆ ಗಾರ್ಡ್ ತನ್ನ ಸುತ್ತಿಗೆಯಿಂದ ಮುದ್ರೆ ಒತ್ತಬೇಕು. ಮುದ್ರೆ ಬಿದ್ದ ದಿಮ್ಮಿಯನ್ನು ಯಾವ ಗೇಟಿನಲ್ಲೂ ತಡೆಯುವುದಿಲ್ಲ. ಇಪ್ಪತ್ತಾರು ವರ್ಷದ ಹಿಂದೆ, ಮುದ್ರೆ ಹಾಕುತ್ತಿದ್ದಾಗ ಹೆಜ್ಜೇನು ಎದ್ದು, ಅಪ್ಪ ಹೊಳೆಗೆ ಓಡಿ ಮುಳುಗು ಹಾಕಿದ್ದರು. ಮೇಲೆ ಬಂದಾಗ ಕೈಯಲ್ಲಿ ಸುತ್ತಿಗೆ ಇರಲಿಲ್ಲ. ಓಡಿದ ದಾರಿಯನ್ನೆಲ್ಲ ಹದಿನೈದು ಮಂದಿ ಮೂರು ದಿನ ಜರಡಿ ಹಿಡಿದರು. ಮರಗಳ್ಳರಿಗೆ ಮಾರಿಕೊಂಡಿದ್ದಾನೆ ಎಂದು ಬೆನ್ನ ಹಿಂದೆ ಆಡಿಕೊಂಡವರೂ ಇದ್ದರು. ಕೆಲಸ ಉಳಿಯಿತು, ನೆಮ್ಮದಿ ಉಳಿಯಲಿಲ್ಲ. ಅಂದಿನಿಂದ ದಿಮ್ಮಿ ತುಂಬಿದ ಲಾರಿ ಮನೆ ಮುಂದೆ ಬಂದರೆ ಸಾಕು, ಅಪ್ಪ ಉಣ್ಣುತ್ತಿದ್ದರೂ ಎಂಜಲು ಕೈಯಲ್ಲೇ ಎದ್ದು ಓಡುತ್ತಿದ್ದರು. ಕನ್ನಡಕ ಏರಿಸಿ ದಿಮ್ಮಿಗಳ ತುದಿಗಳನ್ನು ಒಂದೊಂದಾಗಿ ಓದುತ್ತಿದ್ದರು, ಎಲ್ಲಾದರೂ ಹದಿನೇಳು ಇದೆಯೇ ಎಂದು.

ಸುತ್ತಿಗೆ ಸಿಕ್ಕಿತು ಎಂದರೆ ಸಾಲದು. ಅಪ್ಪ ಏನು ಕೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ಯಾರೋ ಬಳಸಿ, ಆಮೇಲೆ ತಂದಿಟ್ಟಿರಬಹುದಲ್ಲ? ಉತ್ತರ ಇದ್ದರೆ ಮರದಲ್ಲೇ ಇರಬೇಕು. ಮರ ವರ್ಷಕ್ಕೊಂದು ಉಂಗುರ ಕಟ್ಟುತ್ತದೆ. ಕಬ್ಬಿಣ ಒತ್ತಿದ ಕಡೆ ಉಂಗುರಗಳು ಬಾಗಿದ್ದವು. ಮೊದಲು ಬಾಗಿದ್ದರಿಂದ ಹಿಡಿದು ತೊಗಟೆಯವರೆಗೆ ಸೂಜಿ ಊರುತ್ತ ಎಣಿಸಿದಳು. ಇಪ್ಪತ್ತೈದು. ಮತ್ತೆ ಎಣಿಸಿದಳು. ಇಪ್ಪತ್ತೈದೇ.

ಹಾಗಾದರೆ ಒಂದು ವರ್ಷ ಅದು ಯಾರ ಕೈಯಲ್ಲಿತ್ತು?

ಮೂರನೆಯ ಸಲ ಎಣಿಸಲು ಧೈರ್ಯ ಬರಲಿಲ್ಲ. ಬೇಕೆಂದವರ ಕಣ್ಣಿಗೆ ಇಲ್ಲದ್ದೂ ಕಾಣುತ್ತದೆ. ಗರಗಸದವನನ್ನು ಕರೆದು, “ಇಲ್ಲಿಂದ ತೊಗಟೆ ತನಕ ಎಷ್ಟಿದೆ, ನೀನು ಎಣಿಸು,” ಎಂದಳು. ಯಾಕೆಂದು ಹೇಳಲಿಲ್ಲ.

“ಓದಿದೋರು ನೀವು, ಎಣಿಸೋನು ನಾನಾ?” ನಗುತ್ತಲೇ ಅವನು ಬಾಟಲಿಯ ನೀರು ಚಿಮುಕಿಸಿ, ಹೆಬ್ಬೆರಳ ಉಗುರನ್ನು ಮರದ ಮೇಲೆ ಎಳೆಯುತ್ತ ಹೋದ. “ಇಪ್ಪತ್ತಾರು.”

“ಸರಿಯಾಗಿ ನೋಡು.”

“ನೋಡಿದೆ ಅಕ್ಕಾ. ಇಲ್ಲೊಂದು ಬಡಕಲು ಇದೆ. ಕಣ್ಣಿಗೆ ಸಿಗಲ್ಲ, ಉಗುರಿಗೆ ಸಿಗುತ್ತೆ. ಮಳೆ ಕೈಕೊಟ್ಟ ವರ್ಷ ಇರ್ಬೇಕು. ಪಾಪ, ಮರಕ್ಕೂ ಹೊಟ್ಟೆಗಿರಲಿಲ್ಲ.”

ಭೂತಗನ್ನಡಿ ಹಿಡಿದಳು. ಕೂದಲೆಳೆಯಷ್ಟು ಸಣ್ಣದು, ತೊಗಟೆಯಿಂದ ಒಂಬತ್ತನೆಯದು. ಆದರೆ ಎಲ್ಲೂ ತುಂಡಾಗದೆ ಕಾಂಡವನ್ನು ಪೂರ್ತಿ ಸುತ್ತಿ ಬಂದಿತ್ತು; ಅಂದರೆ ಅದೂ ಒಂದು ಇಡೀ ವರ್ಷದ ಉಂಗುರವೇ. ಅವಳು ಸುತ್ತಿಗೆ ಎತ್ತಿಕೊಂಡು ಮನೆಯ ದಾರಿ ಹಿಡಿದಳು.

ಸಂಜೆ ಅಪ್ಪ ಜಗುಲಿಯಲ್ಲಿ ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಕಿಯ ಮೇಲೆ ಬೆರಳಾಡಿಸಿದರು. ಕೊನೆಗೆ ಕೇಳಿಯೇ ಕೇಳಿದರು.

“ಯಾರಾದ್ರೂ ಬಳಸಿ ಆಮೇಲೆ ಇಟ್ಟಿದ್ರೆ?”

“ಇಲ್ಲಪ್ಪಾ. ಇಪ್ಪತ್ತಾರು ಉಂಗುರ. ನೀವಿಟ್ಟ ವರ್ಷದಿಂದ ಅದು ಅಲ್ಲಾಡಿಲ್ಲ. ಒಂಬತ್ತು ವರ್ಷದ ಹಿಂದೆ ಮಳೆ ಹೋಗಿತ್ತಾ?”

“ಹೋಗಿತ್ತಾ ಅಂತೀಯಲ್ಲ! ಹೊಳೇಲಿ ಬರೀ ಕಲ್ಲು.”

“ಅದೂ ಮರದಲ್ಲಿದೆ.”

“ಇಷ್ಟು ವರ್ಷಕ್ಕೆ ಆ ಕವಲು ಮುಗಿಲಿಗೆ ಹೋಗಿರ್ಬೇಕಿತ್ತಲ್ಲಮ್ಮಾ?”

“ಮರ ಎತ್ತರ ಬೆಳೆಯೋದು ತುದೀಲಿ. ಕವಲು ಇದ್ದಲ್ಲೇ ಇರುತ್ತೆ. ನೀವು ಕೈ ಎತ್ತಿದ್ರೆ ಸಿಗೋ ಎತ್ತರ.”

ಅಪ್ಪನಿಗೆ ತಡೆಯಲಾರದ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡರು. “ಸುತ್ತಿಗೆ ನೆಲಕ್ಕೆ ಇಡಬೇಡ್ರೋ, ತುಕ್ಕು ಹಿಡಿಯುತ್ತೆ, ಕವಲಿಗೆ ಸಿಕ್ಕಿಸಿ ಅಂತ ಊರಿಗೆಲ್ಲ ಪಾಠ ಹೇಳಿದೋನು ನಾನು. ಹುಡುಕಿದ್ದು ಮಾತ್ರ ನೆಲದಲ್ಲಿ!”

ಆಗ ತಿರುವಿನಲ್ಲಿ ಲಾರಿಯ ಸದ್ದಾಯಿತು. ಅಪ್ಪ ಅಭ್ಯಾಸಬಲದಿಂದ ಎದ್ದರು, ಕನ್ನಡಕಕ್ಕಾಗಿ ಜೇಬಿಗೆ ಕೈ ಹಾಕಿದರು. ದಿಮ್ಮಿ ಹೇರಿಕೊಂಡ ಲಾರಿ ಅವರ ಮುಂದೆಯೇ ನಿಧಾನವಾಗಿ ಹಾದುಹೋಯಿತು. ಕೈ ಜೇಬಿನಲ್ಲೇ ಉಳಿಯಿತು.

“ಹಸಿ ಮರದ ವಾಸನೆ,” ಎಂದರು ಅಪ್ಪ, ಮೂಗರಳಿಸಿ. “ಎಷ್ಟು ಚೆನ್ನಾಗಿದೆ ನೋಡು.”